ಸಣ್ಣ ಡಿಸೈನ್ ಪತ್ರಿಕೆ, ಜೊತೆಗೊಂದು ಊರ ಗ್ಯಾಲರಿ: ನಡೆಸೋದು ಹೇಗೆ?

ಮೊದಲು ಪುಟದ ಲೆಕ್ಕ. ನಡುವೆ ಪಿನ್ ಹೊಡೆಯುವ ಪತ್ರಿಕೆಯ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರಬೇಕು; ನಾನು 32ಕ್ಕೆ ನಿಲ್ಲಿಸುತ್ತೇನೆ. ಒಳಪುಟಕ್ಕೆ 100 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನೋ ತೂಕ) ಮ್ಯಾಪ್‌ಲಿಥೋ, ಅಂದರೆ ಹೊಳಪಿಲ್ಲದ ಅಚ್ಚಿನ ಕಾಗದ ಸಾಕು. ಹೊಳೆಯುವ ಕಾಗದ ಬೇಡವೇ ಬೇಡ, ಮದುವೆ ಆಲ್ಬಮ್ಮಿನ ಥರ ಕಾಣುತ್ತೆ. ಇನ್ನೂರು ಪ್ರತಿಗಾದರೆ ಡಿಜಿಟಲ್ ಪ್ರಿಂಟು, ಸಾವಿರ ದಾಟಿದರೆ ಪ್ಲೇಟ್ ಮಾಡಿ ಅಚ್ಚು ಹಾಕುವ ಆಫ್‌ಸೆಟ್.

ಕನ್ನಡ ಒತ್ತಕ್ಷರದ ಮೇಲೆ ಕಣ್ಣಿರಲಿ. ಪುಟ ಕಟ್ಟುವ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸದಿದ್ದರೆ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ಕೂತುಬಿಡುತ್ತೆ. ಪಿಡಿಎಫ್ ಆದ ಮೇಲೆ ‘ಸೂರ್ಯ’, ‘ರಾಷ್ಟ್ರ’ದಂಥ ಪದಗಳನ್ನು ಹುಡುಕಿ ನೋಡಿ, ಆಮೇಲೆ ಪ್ರೆಸ್ಸಿಗೆ ಕಳಿಸಿ. ನಿಯತಕಾಲಿಕವಾದರೆ 2023ರ ಪತ್ರಿಕೆ ನೋಂದಣಿ ಕಾಯ್ದೆಯಂತೆ ಕೇಂದ್ರ ಸರ್ಕಾರದ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ.

ಗ್ಯಾಲರಿಗೆ ಹಾಲ್ ಹುಡುಕುತ್ತಾ ಕೂರಬೇಡಿ, ರಸ್ತೆಗೆ ಬಾಗಿಲಿರುವ ಒಂದು ಕೋಣೆ ಸಾಕು. ಚಿತ್ರದ ನಡುಭಾಗ ನೆಲದಿಂದ ಸುಮಾರು 57 ಇಂಚು ಎತ್ತರಕ್ಕೆ ಬರಲಿ. ಮಲೆನಾಡಿನ ನಮ್ಮ ಸಾಗರ ಊರಿನ ಮಳೆಗೆ ಗೋಡೆ ಬೆವರುತ್ತೆ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕಿನ ಚೂರು ಅಂಟಿಸಿದರೆ ಗಾಳಿಯಾಡಿ ಬೂಷ್ಟು ಹಿಡಿಯೋದು ಕಡಿಮೆ.

ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ತಮ್ಮ ಗೋಡೆಚಿತ್ರವಾದ ಚಿತ್ತಾರ ಬರೆಯಲು ಬಂದರೆ ಪುಂಡಿನಾರಿನ ಕುಂಚ, ಕೆಮ್ಮಣ್ಣು, ಅಕ್ಕಿಹಿಟ್ಟು ಅವರ ಮಾತಿನಂತೆಯೇ ಹೊಂದಿಸಿ. ಗೋಡೆಯನ್ನೇ ಬಿಟ್ಟುಕೊಡಿ, ಕ್ಯಾನ್ವಾಸು ಕೊಟ್ಟು ಸಣ್ಣದು ಮಾಡಿಸಬೇಡಿ. ದಿನಗೂಲಿ ಬೇರೆ, ಪತ್ರಿಕೆಯಲ್ಲಿ ಚಿತ್ರ ಅಚ್ಚು ಹಾಕಿದ್ದಕ್ಕೆ ದುಡ್ಡು ಬೇರೆ. ಚಿತ್ರದ ಕೆಳಗೆ ‘ಜನಪದ ಕಲೆ’ ಅಂತ ಬರೆದು ಮುಗಿಸದೆ ಬರೆದವರ ಹೆಸರು, ಊರು ಹಾಕಿ. ಮಾರಾಟದಲ್ಲಿ ನಿಮ್ಮ ಪಾಲೆಷ್ಟು ಅನ್ನೋದು ಮೊದಲೇ ಕಾಗದದ ಮೇಲಿರಲಿ.