ಪಾಸ್‌ವರ್ಡ್ ಖರೇನೇ ಇತ್ತು, ಕೀಬೋರ್ಡೇ ಬ್ಯಾರೆ ಆಗಿತ್ತು

ನಾ ಕಲಬುರಗಿ ಗಂಜ್‌ನ್ಯಾಗ ಎರಡ್ಮೂರು ದಾಲ್ ಮಿಲ್‌ದವರ ಲೆಕ್ಕ, ಜಿಎಸ್‌ಟಿ ನೋಡ್ಕೋತೀನಿ. ಮಂದಿ ರೊಕ್ಕದ ಲೆಕ್ಕ ಅಂತ ಲ್ಯಾಪ್‌ಟಾಪಿಗೆ ಡೆಬಿಯನ್ 12 (ಲಿನಕ್ಸ್‌ದ ಒಂದು ನಮೂನಿ) ಹಾಕಿ ಲಕ್ಸ್‌ಲಿಂದ (ಲಿನಕ್ಸ್‌ದಾಗ ಡಿಸ್ಕಿಗೆ ಬೀಗ ಹಾಕೋ ವ್ಯವಸ್ಥಾ) ಇಡೀ ಡಿಸ್ಕ್ ಎನ್‌ಕ್ರಿಪ್ಟ್ ಮಾಡೀನಿ. ಚಾಲೂ ಮಾಡಿದ್ ಕೂಡ್ಲೇ ಪಾಸ್‌ವರ್ಡ್ ಕೇಳ್ತದ, ಹಾಕಿದ್ರೇನೇ ಮುಂದ ಹೋಗ್ತದ.

ಮೇ ತಿಂಗಳ್ದಾಗ ಒಂದಿನ ಮಧ್ಯಾಹ್ನ ಕರೆಂಟ್ ಹೋಯ್ತು, ಬ್ಯಾಟರಿ ಸತ್ತು ಬಂದಾಯ್ತು. ಸಂಜೀಕ ಚಾಲೂ ಮಾಡಿ ಪಾಸ್‌ವರ್ಡ್ ಹಾಕಿದ್ರ ಒಲ್ಲೆ ಅಂತು. ಮೂರ್ ಸಲ ಹಾಕ್ದೆ, ಮೂರೂ ಸಲ ಬ್ಯಾಡ್ ಪಾಸ್‌ವರ್ಡ್ ಅಂತ ಬಂತು, ಸ್ವಲ್ಪ ಹೊತ್ತಿಗೆ ಇನಿಟ್‌ರಾಮ್‌ಎಫ್‌ಎಸ್ (ಡಿಸ್ಕ್ ತೆರೆಯೋಕಿಂತ ಮೊದ್ಲು ಓಡೋ ಸಣ್ಣ ವ್ಯವಸ್ಥಾ) ಅಂತ ಒಂದು ಕರಿ ಪರದೆಗೆ ತಂದು ಒಗೀತು. ಎದಿ ಝಲ್ ಅಂತು ನೋಡ್ರಿ, ಯಾಕಂದ್ರ ಲಕ್ಸ್‌ದಾಗ ಡಿಸ್ಕ್‌ನ ಹೆಡರ್ (ಬೀಗದ ಮಾಹಿತಿ ಇರೋ ಭಾಗ) ಕೆಟ್ಟಿತ್ತಂದ್ರ ಪಾಸ್‌ವರ್ಡ್ ನೆನಪಿದ್ರೂ ಡಾಟಾ ಬರಂಗಿಲ್ಲ, ನಾ ಹೆಡರ್ ಬ್ಯಾಕಪ್ ತಗೊಂಡಿದ್ದೇ ಇಲ್ಲ, 20ನೇ ತಾರೀಖಿಗೆ ರಿಟರ್ನ್ ಬ್ಯಾರೆ. ದೋಸ್ತಗ ಫೋನ್ ಹಚ್ಚಿದ್ರ ಫಾರ್ಮ್ಯಾಟ್ ಹೊಡಿಯೋ ಅಂದ, ಅವ್ನಿಗೇನ್ ಹೋಗ್ತದ.

ಲೈವ್ ಪೆನ್‌ಡ್ರೈವ್ (ಅದರಿಂದನೇ ಲಿನಕ್ಸ್ ಚಾಲೂ ಆಗ್ತದ) ಹಾಕಿ ಮೊದ್ಲು ಲಕ್ಸ್ ಸಂಭಾಳಿಸೋ ಕ್ರಿಪ್ಟ್‌ಸೆಟಪ್‌ನ ಲಕ್ಸ್‌ಡಂಪ್ ಓಡಿಸ್ದೆ, ಅದು ಹೆಡರ್ ಓದಿ ತೋರಿಸ್ತದ. ಹೆಡರ್ ಚೊಲೋನೇ ಇತ್ತು, ಕೀ ಸ್ಲಾಟ್ ಸೊನ್ನೆನೂ (ಪಾಸ್‌ವರ್ಡಿನ ಮೊದಲ್ನೇ ಖಾನೆ) ಕಾಣಿಸ್ತು. ಆಮ್ಯಾಲೆ ಕ್ರಿಪ್ಟ್‌ಸೆಟಪ್ ಓಪನ್ ಕೊಟ್ಟು ಅದೇ ಪಾಸ್‌ವರ್ಡ್ ಹೊಡದ್ರ ಒಂದೆರಡು ಸೆಕೆಂಡಿಗೆ ತೆರ್ಕೊಂಡೇ ಬಿಡ್ತು! ಡಿಸ್ಕ್ ಸರಿ, ಪಾಸ್‌ವರ್ಡ್ ಸರಿ, ಹಂಗಾದ್ರ ನಡುವ ಉಳದದ್ದು ಕೀಬೋರ್ಡ್ ಒಂದೇ.

ಆಗ ನೆನಪಾಯ್ತು. ಹತ್ತಿಪ್ಪತ್ತು ದಿನದ ಹಿಂದ ಕನ್ನಡ ಟೈಪಿಂಗ್ ಸಲುವಾಗಿ ಕೀಬೋರ್ಡ್ ಸೆಟಿಂಗ್ ಕೆದಕಿದಾಗ ಯುಎಸ್ ಲೇಔಟ್ (ಯಾವ ಕೀಗೆ ಯಾವ ಅಕ್ಷರ ಅನ್ನೋ ಜೋಡಣಿ) ಬದ್ಲಿ ಯುಕೆದ್ದು ಆರಿಸಿಬಿಟ್ಟಿದ್ದೆ. ಡೆಸ್ಕ್‌ಟಾಪ್‌ದಾಗ ಬ್ಯಾರೆ ಲೇಔಟ್ ಇದ್ದಿದ್ದಕ್ಕ ಗೊತ್ತೇ ಆಗಿಲ್ಲ, ಮ್ಯಾಲೆ ನಾ ಲಿಡ್ ಮುಚ್ಚಿ ಇಡಾಂವ, ರೀಸ್ಟಾರ್ಟ್ ಮಾಡಿದ್ದೇ ಇಲ್ಲ. ಪಾಸ್‌ವರ್ಡ್ ಕೇಳೋ ಪರದೆ ಮಾತ್ರ ಇನಿಟ್‌ರಾಮ್‌ಎಫ್‌ಎಸ್‌ನೊಳಗಿನ ಲೇಔಟ್ ನೋಡ್ತದ. ಯುಕೆದಾಗ @ ಮತ್ತ " ಜಾಗ ಅದಲ್ಬದಲು, ನನ್ನ ಪಾಸ್‌ವರ್ಡಿನ ನಟ್ಟನಡುವ @ ಅದ, ಟೈಪ್ ಮಾಡಿದ್ದು ಕಣ್ಣಿಗೂ ಕಾಣಂಗಿಲ್ಲ.

ಪೆನ್‌ಡ್ರೈವ್ ತೆಗದು ಮತ್ತ ಚಾಲೂ ಮಾಡಿ @ ಬರೋ ಕಡೆ ಶಿಫ್ಟ್ ಹಿಡದು ಎಂಟರ್ ಪಕ್ಕದ ಕೋಟ್ ಕೀ ಒತ್ತಿದೆ. ತೆರೀತು. ಇಟಿಸಿ ಡಿಫಾಲ್ಟ್ ಒಳಗಿನ ಕೀಬೋರ್ಡ್ ಫೈಲಿನ್ಯಾಗ ಲೇಔಟ್ ಯುಎಸ್ ಮಾಡಿ, ಅದು ಇನಿಟ್‌ರಾಮ್‌ಎಫ್‌ಎಸ್‌ನೊಳಗೂ ಹೋಗ್ಲಿ ಅಂತ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಓಡಿಸ್ದೆ, ಎಲ್ಲಾ ಕರ್ನಲ್‌ಗೂ (ಲಿನಕ್ಸ್‌ದ ತಿರುಳು). ಇದು ಬಿಟ್ರ ಫೈಲ್ ತಿದ್ದಿದ್ದು ದಂಡ, ಬೂಟ್ ಆಗೋದು ಹಳೀ ಲೇಔಟಿನ್ಯಾಗೇ.

ಕೈ ಹಾಕೀನಂದ್ಮ್ಯಾಲೆ ಲಕ್ಸ್‌ಆಡ್‌ಕೀ ಕೊಟ್ಟು ಎರಡನೇ ಪಾಸ್‌ವರ್ಡೂ ಸೇರಿಸ್ದೆ, ಚಿಹ್ನೆ ಗಿಹ್ನೆ ಇಲ್ಲ, ಬರೇ ಅಕ್ಷರ, ಅದಕ್ಕ ಉದ್ದ ಜಾಸ್ತಿ. ಲಕ್ಸ್‌ಹೆಡರ್‌ಬ್ಯಾಕಪ್ ಮಾಡಿ ಆ ಫೈಲ್ ಪೆನ್‌ಡ್ರೈವಿಗೆ ಹಾಕಿದೆ, ಅದೇ ಡಿಸ್ಕಿನ್ಯಾಗಿಟ್ರ ಕೀಲಿ ಒಳಗಿಟ್ಟು ಬಾಗ್ಲ ಹಾಕ್ಕೊಂಡಂಗ. ಪೆನ್‌ಡ್ರೈವ್ ಈಗ ಅವ್ವನ ತಿಜೋರಿದಾಗ ಪಾಸ್‌ಬುಕ್ ಜೋಡಿ ಅದ.