ಪಿಯುಸಿ ಓದುತ್ತಲೇ ಕ್ಲ್ಯಾಟ್‌ಗೆ ತಯಾರಾಗುವುದು ಹೇಗೆ

ಮೊದಲು ತಾರೀಕು ತಿಳಿದುಕೊಳ್ಳಿ. ಪಿಯುಸಿ ಆದ ಮೇಲೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ ಲಾ ಓದಲು ಬರೆಯಬೇಕಾದ ಪ್ರವೇಶ ಪರೀಕ್ಷೆಯೇ ಕ್ಲ್ಯಾಟ್. ಅದು 2024ರಲ್ಲಿ ಡಿಸೆಂಬರ್ 1ಕ್ಕೆ ನಡೆಯಿತು, 2025ರಲ್ಲಿ ಡಿಸೆಂಬರ್ 7ಕ್ಕೆ. ಎರಡೂ ಸಲ ಡಿಸೆಂಬರ್‌ನ ಮೊದಲ ಭಾನುವಾರ. ಅಂದರೆ ಸೆಕೆಂಡ್ ಪಿಯುಸಿಯ ನಟ್ಟನಡುವೆ. ಕಾಲೇಜಿನಲ್ಲಿ ಪೋರ್ಷನ್ ಮುಗಿದಿರುವುದಿಲ್ಲ, ಪ್ರಿಪರೇಟರಿ ಪರೀಕ್ಷೆ ಎದುರಿಗೇ ಇರುತ್ತದೆ. ನಮ್ಮ ಕಡೆ ಎಷ್ಟೋ ಮಕ್ಕಳು ಇದನ್ನೂ ಸಿಇಟಿ ಥರ ಅಂದುಕೊಂಡಿರುತ್ತಾರೆ. ಪಿಯು ಪರೀಕ್ಷೆ ಮುಗಿಸಿ ಏಪ್ರಿಲ್‌ನಲ್ಲಿ ಬಂದು ‘ಮೇಡಂ, ಲಾ ಓದಬೇಕು, ಯಾವ ಎಕ್ಸಾಂ ಬರೀಬೇಕು?’ ಅಂತ ಕೇಳುತ್ತಾರೆ. ಅಷ್ಟೊತ್ತಿಗೆ ಪರೀಕ್ಷೆ ಮುಗಿದು ನಾಲ್ಕು ತಿಂಗಳಾಗಿರುತ್ತದೆ. ಜಾಣ ಮಕ್ಕಳು ಬರೀ ತಾರೀಕು ಗೊತ್ತಿಲ್ಲದೆ ಒಂದು ವರ್ಷ ಕಳೆದುಕೊಳ್ಳುವುದು ನನಗೆ ನಿಜಕ್ಕೂ ಸಂಕಟದ ವಿಷಯ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಪಿಯು ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಲಾ ಓದುವ ಆಸೆ ಇರುವವರನ್ನು ಕಾಲೇಜು ಬಿಟ್ಟ ಮೇಲೆ ಕೂರಿಸಿಕೊಂಡು ಕ್ಲ್ಯಾಟ್ ಪ್ರಶ್ನೆಪತ್ರಿಕೆ ಬಿಡಿಸುತ್ತೇವೆ. ಹೆಚ್ಚಿನವರು ಎಚ್‌ಇಪಿಎಸ್, ಅಂದರೆ ಆರ್ಟ್ಸ್ ಮಕ್ಕಳು, ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ. ಸೈನ್ಸ್, ಕಾಮರ್ಸ್‌ನವರೂ ಬರೆಯಬಹುದು, ಕಾಂಬಿನೇಷನ್‌ಗೆ ಯಾವ ಅಡ್ಡಿಯೂ ಇಲ್ಲ. ಪಿಯುಸಿಯಲ್ಲಿ ಶೇ. 45 ಅಂಕ ಬೇಕು, ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಶೇ. 40 ಸಾಕು. ವಯಸ್ಸಿನ ಮಿತಿ ಇಲ್ಲ. ಸೆಕೆಂಡ್ ಪಿಯು ಓದುತ್ತಿರುವಾಗಲೇ ಬರೆಯಬಹುದು.

ಕ್ಲ್ಯಾಟ್ ನಡೆಸುವುದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟ. ನಮ್ಮ ಬೆಂಗಳೂರು ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್, ಹೈದರಾಬಾದಿನ ನಲ್ಸಾರ್, ಕೋಲ್ಕತ್ತ, ಭೋಪಾಲ್, ಜೋಧಪುರ, ಕೊಚ್ಚಿ, ತಿರುಚಿರಾಪಳ್ಳಿ, ಹೀಗೆ ಇಪ್ಪತ್ತಕ್ಕೂ ಹೆಚ್ಚು ಕಡೆಯ ಐದು ವರ್ಷದ ಕೋರ್ಸಿಗೆ ಇದೊಂದೇ ಪರೀಕ್ಷೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಮಾತ್ರ ಬೇರೆ. ಅದಕ್ಕೆ ಐಲೆಟ್ ಅಂತ ಪ್ರತ್ಯೇಕ ಪರೀಕ್ಷೆ, ಪ್ರತ್ಯೇಕ ಅರ್ಜಿ.

ಪ್ರಶ್ನೆಪತ್ರಿಕೆ ಇಂಗ್ಲಿಷ್‌ನಲ್ಲಿ ಮಾತ್ರ ಇರುತ್ತದೆ. 120 ಪ್ರಶ್ನೆ, 120 ಅಂಕ, ಎರಡು ಗಂಟೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಟ್. ಕರೆಂಟ್ ಅಫೇರ್ಸ್ ಮತ್ತು ಲೀಗಲ್ ರೀಸನಿಂಗ್‌ನಿಂದ ತಲಾ 28ರಿಂದ 32 ಪ್ರಶ್ನೆ, ಇಂಗ್ಲಿಷ್ ಮತ್ತು ಲಾಜಿಕಲ್ ರೀಸನಿಂಗ್‌ನಿಂದ ತಲಾ 22ರಿಂದ 26, ಲೆಕ್ಕದಿಂದ 10ರಿಂದ 14. 2020ರಿಂದ ಇಡೀ ಪತ್ರಿಕೆ ಪ್ಯಾಸೇಜ್ ಮೇಲೆಯೇ ನಿಂತಿದೆ. ಸುಮಾರು 450 ಪದದ ಒಂದೊಂದು ಪ್ಯಾಸೇಜ್ ಕೊಟ್ಟು, ಅದರ ಕೆಳಗೆ ನಾಲ್ಕೈದು ಪ್ರಶ್ನೆ ಕೇಳುತ್ತಾರೆ. ಬೇಗ ಓದಿ, ಸರಿಯಾಗಿ ಅರ್ಥ ಮಾಡಿಕೊಂಡವರು ಗೆಲ್ಲುತ್ತಾರೆ. ಕಾನೂನಿನ ದಪ್ಪ ಪುಸ್ತಕ ತಂದು ಸೆಕ್ಷನ್ ಬಾಯಿಪಾಠ ಮಾಡುವ ಅಗತ್ಯ ಖಂಡಿತ ಇಲ್ಲ.

ಹಾಗಾಗಿ ತಯಾರಿ ಅಂದರೆ ಮುಖ್ಯವಾಗಿ ಓದುವ ಅಭ್ಯಾಸ. ಫಸ್ಟ್ ಪಿಯು ಮುಗಿದ ಬೇಸಿಗೆ ರಜೆಯಲ್ಲಿ ಶುರು ಮಾಡಿದರೆ ಡಿಸೆಂಬರ್‌ಗೆ ಎಂಟು ತಿಂಗಳು ಸಿಗುತ್ತದೆ. ಕನ್ನಡ ಮಾಧ್ಯಮದವರಿಗೆ ನಾನು ಹೇಳಿಕೊಡುವ ದಾರಿ ಹೀಗಿದೆ. ಒಂದು ಸುದ್ದಿಯನ್ನು ಬೆಳಿಗ್ಗೆ ಕನ್ನಡ ಪೇಪರಿನಲ್ಲಿ ಓದಿ. ರಾಜ್ಯಪಾಲರು ಮಸೂದೆಗೆ ಅಂಕಿತ ಹಾಕದೆ ಇಟ್ಟುಕೊಂಡಿದ್ದಾರೆ ಅಂತಿಟ್ಟುಕೊಳ್ಳಿ. ಯಾರು, ಏನು, ಯಾಕೆ ಅನ್ನುವುದು ತಲೆಗೆ ಹೋಗಲಿ. ಆಮೇಲೆ ಅದೇ ವಿಷಯದ ಸಂಪಾದಕೀಯವನ್ನು ದಿ ಹಿಂದೂ ಅಥವಾ ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಓದಿ. ವಿಷಯ ಗೊತ್ತಿರುವುದರಿಂದ ಅರ್ಧ ಭಯ ಅಲ್ಲೇ ಹೋಗುತ್ತದೆ. ಪ್ರತಿ ಪ್ಯಾರಾ ಪಕ್ಕ ಕನ್ನಡದಲ್ಲೇ ಒಂದು ಸಾಲು ಬರೆಯಿರಿ: ‘ಇಲ್ಲಿ ಸರ್ಕಾರದ ವಾದ’, ‘ಇಲ್ಲಿ ಅದಕ್ಕೆ ಎದುರು ಮಾತು’, ‘ಇಲ್ಲಿ ಲೇಖಕರ ಅಭಿಪ್ರಾಯ’. ಕ್ಲ್ಯಾಟ್‌ನ ಇಂಗ್ಲಿಷ್ ಭಾಗದಲ್ಲೂ ಲಾಜಿಕಲ್ ಭಾಗದಲ್ಲೂ ಕೇಳುವುದು ಹೆಚ್ಚು ಕಡಿಮೆ ಇದನ್ನೇ. ಲೇಖಕರು ಏನು ಹೇಳುತ್ತಿದ್ದಾರೆ, ಯಾವ ಆಧಾರದ ಮೇಲೆ, ಅದನ್ನು ದುರ್ಬಲ ಮಾಡುವ ಮಾತು ಯಾವುದು.

ಗೊತ್ತಿಲ್ಲದ ಪದಕ್ಕೆಲ್ಲ ಡಿಕ್ಷನರಿ ತೆಗೆಯಬೇಡಿ. ಮೊದಲು ಪೂರ್ತಿ ಓದಿ, ಅರ್ಥ ಊಹಿಸಿ, ಕೊನೆಗೆ ನಾಲ್ಕೈದು ಪದ ಮಾತ್ರ ನೋಡಿ. ಎರಡು ತಿಂಗಳಾದ ಮೇಲೆ ಗಡಿಯಾರ ಇಟ್ಟುಕೊಂಡು ಓದಿ. 450 ಪದ ಮೂರು ನಿಮಿಷದೊಳಗೆ ಮುಗಿಯಬೇಕು. ಮನೆಗೆ ಇಂಗ್ಲಿಷ್ ಪೇಪರ್ ತರಿಸಲು ಆಗದಿದ್ದರೆ ತಾಲ್ಲೂಕು ಲೈಬ್ರರಿಯಲ್ಲಿ ಕೇಳಿ. ಅಲ್ಲಿ ಮೊಬೈಲ್ ಪಕ್ಕಕ್ಕಿಟ್ಟು ಒಂದು ಗಂಟೆ ಕೂತರೆ ಅದು ದೊಡ್ಡ ಅಭ್ಯಾಸ.

ಲೀಗಲ್ ರೀಸನಿಂಗ್‌ಗೆ ಎಲ್ಲರೂ ಹೆದರುತ್ತಾರೆ. ಅದರಲ್ಲಿ ಹೆದರುವಂಥದ್ದು ಏನಿಲ್ಲ. ನಿಯಮ ಪ್ಯಾಸೇಜ್‌ನಲ್ಲೇ ಇರುತ್ತದೆ. ನಾನು ಕ್ಲಾಸಿನಲ್ಲಿ ಕೊಡುವ ಒಂದು ಉದಾಹರಣೆ ನೋಡಿ. ನಿಯಮ: ಅಂಗಡಿಯಲ್ಲಿ ಬೆಲೆ ಚೀಟಿ ಹಾಕಿ ಸಾಮಾನು ಇಟ್ಟರೆ ಅದು ‘ಬಂದು ಕೇಳಿ’ ಅನ್ನುವ ಬರೀ ಕರೆ. ಗಿರಾಕಿ ‘ಈ ಬೆಲೆಗೆ ಕೊಡಿ’ ಅಂದಾಗ ಅದು ಪ್ರಸ್ತಾಪ. ಅಂಗಡಿಯವರು ಒಪ್ಪಿದಾಗಲೇ ಒಪ್ಪಂದ. ಈಗ ಸಂಗತಿ: ಚಿಕ್ಕಪೇಟೆಯ ಅಂಗಡಿಯೊಂದರಲ್ಲಿ 15,000 ರೂಪಾಯಿಯ ರೇಷ್ಮೆ ಸೀರೆಗೆ ಕೆಲಸದ ಹುಡುಗ ಕೈತಪ್ಪಿ 1,500 ಅಂತ ಚೀಟಿ ಅಂಟಿಸಿದ್ದಾನೆ. ಒಬ್ಬರು 1,500 ರೂಪಾಯಿ ಹಿಡಿದು ಸೀರೆ ಕೊಡಿ ಅನ್ನುತ್ತಾರೆ. ಮಾಲೀಕರು ಆಗಲ್ಲ ಅನ್ನುತ್ತಾರೆ. ಒಪ್ಪಂದ ಮುರಿದರು ಅಂತ ಕೇಸು ನಿಲ್ಲುತ್ತದೆಯೇ?

ಕ್ಲಾಸಿನಲ್ಲಿ ಅರ್ಧದಷ್ಟು ಕೈ ‘ನಿಲ್ಲುತ್ತೆ’ ಕಡೆಗೇ ಏಳುತ್ತವೆ. ಚೀಟಿಯಲ್ಲಿ ಹಾಕಿದ ಬೆಲೆಗೆ ಕೊಡಬೇಕು ತಾನೇ, ಅದು ನ್ಯಾಯ ಅಲ್ವಾ, ಅಂತ ಅವರ ವಾದ. ಆದರೆ ಪ್ಯಾಸೇಜ್ ಪ್ರಕಾರ ಚೀಟಿ ಬರೀ ಕರೆ, ಮಾಲೀಕರು ಒಪ್ಪಿಲ್ಲ, ಆದ್ದರಿಂದ ಒಪ್ಪಂದವೇ ಹುಟ್ಟಿಲ್ಲ. ಮುರಿಯುವುದು ಎಲ್ಲಿಂದ ಬಂತು? ಮುಂದಿನ ಪ್ರಶ್ನೆಯಲ್ಲಿ ಸಂಗತಿಯನ್ನು ಒಂದೇ ಒಂದು ಎಳೆ ಬದಲಿಸುತ್ತಾರೆ. ಮಾಲೀಕರು ದುಡ್ಡು ತಗೊಂಡು ಬಿಲ್ ಹರಿದು ಕೊಟ್ಟರು, ಸೀರೆ ಕವರಿಗೆ ಹಾಕುವಾಗ ತಪ್ಪು ಗೊತ್ತಾಯಿತು. ಈಗ ಅದೇ ನಿಯಮದ ಪ್ರಕಾರ ಒಪ್ಪಂದ ಆಗಿಹೋಗಿದೆ. ಉತ್ತರ ಉಲ್ಟಾ.

ಇನ್ನೊಂದು ಬಲೆ ಆಯ್ಕೆಗಳಲ್ಲಿ ಇರುತ್ತದೆ. ಎರಡು ಆಯ್ಕೆ ‘ನಿಲ್ಲುವುದಿಲ್ಲ’ ಅಂತಲೇ ಶುರುವಾಗುತ್ತವೆ. ಒಂದರಲ್ಲಿ ಕಾರಣ ‘ಹುಡುಗನ ತಪ್ಪಿಗೆ ಮಾಲೀಕ ಹೊಣೆಯಲ್ಲ’, ಇನ್ನೊಂದರಲ್ಲಿ ‘ಪ್ರಸ್ತಾಪಕ್ಕೆ ಒಪ್ಪಿಗೆ ಸಿಕ್ಕಿಲ್ಲ’. ಹುಡುಗನ ಹೊಣೆಯ ಬಗ್ಗೆ ಪ್ಯಾಸೇಜ್ ಏನೂ ಹೇಳಿಲ್ಲ, ಹಾಗಾಗಿ ಮೊದಲನೆಯದು ತಪ್ಪು. ಕಾರಣವನ್ನು ಪ್ಯಾಸೇಜ್‌ನ ಯಾವುದಾದರೂ ಸಾಲಿನ ಮೇಲೆ ಬೆರಳಿಟ್ಟು ತೋರಿಸಲು ಆಗಬೇಕು. ಆಗದಿದ್ದರೆ ಅದು ಉತ್ತರ ಅಲ್ಲ. ಇಷ್ಟು ರೂಢಿಯಾದರೆ ಈ ಭಾಗದಲ್ಲಿ ನಮ್ಮ ಮಕ್ಕಳು ಯಾವ ಊರಿನ ಮಕ್ಕಳಿಗೂ ಕಡಿಮೆ ಇಲ್ಲ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕರೆಂಟ್ ಅಫೇರ್ಸ್ ಮಾತ್ರ ಹಾಗಲ್ಲ. ಅಲ್ಲಿ ಪ್ಯಾಸೇಜ್‌ನ ಆಚೆಗೂ ಕೇಳುತ್ತಾರೆ. ದಿನದ ಓದಿನಿಂದ ಒಂದು ನೋಟ್‌ಬುಕ್ ಮಾಡಿ, ವಿಷಯಕ್ಕೆ ಅರ್ಧ ಪುಟ ಸಾಕು: ಹಿನ್ನೆಲೆ, ಹೆಸರು, ವರ್ಷ, ಈಗ ಏನಾಗಿದೆ. ಸಂವಿಧಾನದ ದೊಡ್ಡ ಕೇಸುಗಳನ್ನು ನಮ್ಮ ನೆಲದಿಂದಲೇ ಶುರು ಮಾಡಿಸುತ್ತೇನೆ, ನೆನಪಿನಲ್ಲಿ ಚೆನ್ನಾಗಿ ನಿಲ್ಲುತ್ತದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಹೋದ ಕೇಸಿನಲ್ಲಿ, 1973ರಲ್ಲಿ 13 ನ್ಯಾಯಮೂರ್ತಿಗಳ ಪೀಠ ಸಂವಿಧಾನದ ಮೂಲರಚನೆಯನ್ನು ಸಂಸತ್ತು ಮುಟ್ಟುವಂತಿಲ್ಲ ಅಂತ ಹೇಳಿತು. ನಮ್ಮ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು 1989ರಲ್ಲಿ ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ತಂದರು. 1994ರ ತೀರ್ಪಿನಲ್ಲಿ ಬಹುಮತ ತೀರ್ಮಾನವಾಗಬೇಕಾದ್ದು ಸದನದಲ್ಲೇ ಅಂತಾಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿರುದ್ಧ ಹೋದ ಕೇಸಿನಲ್ಲಿ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತಾಯಿತು. ಯಾವ ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂದರೂ, ಆಧಾರ್ ಸುದ್ದಿ ಬಂದರೂ ಈ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಹಾಗೆಯೇ 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಹಳೇ ಗೈಡ್ ಇಟ್ಟುಕೊಂಡವರು ಇದನ್ನು ಗಮನಿಸಿ.

ಲೆಕ್ಕ ಎಸೆಸೆಲ್ಸಿ ಮಟ್ಟದ್ದು. ಶೇಕಡಾವಾರು, ಅನುಪಾತ, ಸರಾಸರಿ, ಲಾಭ-ನಷ್ಟ. ಆರ್ಟ್ಸ್‌ನವರು ದಿನಕ್ಕೆ ಇಪ್ಪತ್ತು ನಿಮಿಷ ಕೊಟ್ಟರೆ ಸಾಕು. ಪೂರ್ತಿ ಬಿಡಬೇಡಿ, ಹತ್ತು ಅಂಕ ಅಂದರೆ ರ‍್ಯಾಂಕ್ ಬಹಳ ಕೆಳಗೆ ಹೋಗುತ್ತದೆ.

ಆಗಸ್ಟ್‌ನಿಂದ ವಾರಕ್ಕೊಂದು ಮಾಕ್ ಟೆಸ್ಟ್ ಬರೆಯಿರಿ. ಪರೀಕ್ಷೆ ಮಧ್ಯಾಹ್ನ 2ರಿಂದ 4ರವರೆಗೆ, ನೀವೂ ಅದೇ ಹೊತ್ತಿಗೆ ಬರೆಯಿರಿ. ಊಟದ ನಂತರದ ತೂಕಡಿಕೆ ಹೋಗುವುದಕ್ಕೂ ಅಭ್ಯಾಸ ಬೇಕು. ಒಕ್ಕೂಟದ ವೆಬ್‌ಸೈಟ್‌ನಲ್ಲಿ ಹಿಂದಿನ ಪ್ರಶ್ನೆಪತ್ರಿಕೆಗಳಿವೆ, ಮೊದಲು ಅವನ್ನು ಮುಗಿಸಿ. ಬರೆದದ್ದಕ್ಕಿಂತ ತಿದ್ದುವುದಕ್ಕೆ ಜಾಸ್ತಿ ಸಮಯ ಕೊಡಿ. ಊಹೆ ಮಾಡಬಹುದೇ ಅಂತ ಕೇಳುತ್ತಾರೆ. ನಾಲ್ಕರಲ್ಲಿ ಎರಡು ಆಯ್ಕೆ ಖಚಿತವಾಗಿ ತಪ್ಪು ಅಂತ ಗೊತ್ತಾದರೆ ಧೈರ್ಯವಾಗಿ ಗುರುತು ಹಾಕಿ. ಅಂಥ ನಾಲ್ಕು ಪ್ರಶ್ನೆಯಲ್ಲಿ ಎರಡು ಸರಿಯಾದರೂ 2 ಅಂಕ ಬಂದು ಅರ್ಧ ಅಂಕ ಹೋಗುತ್ತದೆ, ಒಂದೂವರೆ ಉಳಿಯುತ್ತದೆ. ಪ್ಯಾಸೇಜೇ ಓದಿಲ್ಲ ಅಂದರೆ ಸುಮ್ನೆ ಬಿಡಿ.

ಈಗ ಅರ್ಜಿ. ಓದಿನಷ್ಟೇ ಮುಖ್ಯ ಇದು, ಹಳ್ಳಿ ಕಡೆಯವರು ಎಡವುವುದೂ ಇಲ್ಲೇ. ಅರ್ಜಿ ಜುಲೈ-ಆಗಸ್ಟ್ ಹೊತ್ತಿಗೆ ತೆರೆದು ಅಕ್ಟೋಬರ್ ತನಕ ಇರುತ್ತದೆ. ಶುಲ್ಕ 4,000 ರೂಪಾಯಿ, ಎಸ್‌ಸಿ, ಎಸ್‌ಟಿ, ಬಿಪಿಎಲ್ ಮತ್ತು ಅಂಗವಿಕಲರಿಗೆ 3,500. ಸೈಬರ್ ಸೆಂಟರ್‌ನಲ್ಲಿ ಹಾಕಿಸುವುದಾದರೆ ನಿಮ್ಮದೇ ಮೊಬೈಲ್ ನಂಬರ್, ನಿಮ್ಮದೇ ಇಮೇಲ್ ಕೊಡಿ. ಅಂಗಡಿಯವರ ನಂಬರ್ ಹಾಕಿದರೆ ಮುಂದೆ ಕೌನ್ಸೆಲಿಂಗ್‌ನ ಓಟಿಪಿಯೂ ಅವರಿಗೇ ಹೋಗುತ್ತದೆ. ಹೆಸರು ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಇರಲಿ. ಇನಿಷಿಯಲ್ ಅಂಕಪಟ್ಟಿಯಲ್ಲಿ ಹಿಂದೆ, ಆಧಾರ್‌ನಲ್ಲಿ ಮುಂದೆ ಇದ್ದರೆ ಬೇಸಿಗೆಯಲ್ಲೇ ಆಧಾರ್ ತಿದ್ದಿಸಿಕೊಳ್ಳಿ.

ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಶೇ. 25ರಷ್ಟು ಸೀಟು ಕರ್ನಾಟಕದ ವಿದ್ಯಾರ್ಥಿಗಳಿಗೆ ಮೀಸಲು. ಕರ್ನಾಟಕದ ಮಾನ್ಯತೆ ಪಡೆದ ಶಾಲಾ ಕಾಲೇಜುಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿರಬೇಕು. ನಮ್ಮ ಸರ್ಕಾರಿ ಶಾಲೆ ಮಕ್ಕಳೆಲ್ಲ ಇದಕ್ಕೆ ಅರ್ಹರು, ಆದರೂ ಗೊತ್ತಿಲ್ಲದೆ ಎಷ್ಟೋ ಜನ ಅರ್ಜಿಯಲ್ಲಿ ಆ ಕಡೆ ಗಮನವೇ ಕೊಡುವುದಿಲ್ಲ. ದಯವಿಟ್ಟು ಬಿಡಬೇಡಿ. ಓದಿದ ಪ್ರತಿ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಮಾಡಿಸಿ, ಯಾವ ತರಗತಿ, ಯಾವ ವರ್ಷ ಅಂತ ಸ್ಪಷ್ಟವಾಗಿರಲಿ. ಬಿಇಒ ಕಚೇರಿಯ ಮೇಲುಸಹಿಯನ್ನೂ ಹಾಕಿಸಿಟ್ಟುಕೊಂಡರೆ ಮುಂದೆ ಓಡಾಟ ಇಲ್ಲ. ಊರು ಬದಲಿಸಿದವರಿಗೆ, ಮುಚ್ಚಿಹೋದ ಶಾಲೆಯಲ್ಲಿ ಓದಿದವರಿಗೆ ಇದಕ್ಕೇ ಎಷ್ಟೋ ವಾರ ಹಿಡಿಯುತ್ತದೆ.

ಜಾತಿ-ಆದಾಯ ಪತ್ರಕ್ಕೆ ನಾಡಕಚೇರಿಗೆ ಹೋಗುತ್ತೀರಿ, ಸರಿ. ಆದರೆ ಒಂದು ವಿಷಯ ತಿಳಿದಿರಲಿ. 2ಎ, 3ಬಿ ಅನ್ನುವುದು ರಾಜ್ಯದ ಪಟ್ಟಿ. ಬೇರೆ ಕಡೆಯ ವಿಶ್ವವಿದ್ಯಾಲಯಗಳು ಒಬಿಸಿ ಅಂತ ಕೇಳಿದಾಗ ಕೇಂದ್ರದ ಪಟ್ಟಿಯ, ಕೆನೆಪದರದಲ್ಲಿ ಇಲ್ಲ ಅನ್ನುವ ಪತ್ರವನ್ನೇ ಕೇಳಬಹುದು. ಅದರ ನಮೂನೆ ಬೇರೆ, ಪ್ರತ್ಯೇಕವಾಗಿ ಮಾಡಿಸಬೇಕು. ಯಾವ ವಿಶ್ವವಿದ್ಯಾಲಯ ಯಾವ ಪತ್ರ ಕೇಳುತ್ತದೆ ಅಂತ ಅವರ ಸೂಚನೆ ಓದಿಯೇ ಟಿಕ್ ಹಾಕಿ.

ಪರೀಕ್ಷೆಯ ದಿನ ಓಎಂಆರ್ ಹಾಳೆಗೆ ನೀಲಿ ಅಥವಾ ಕಪ್ಪು ಬಾಲ್ ಪೆನ್ ಬೇಕು, ಜೊತೆಗೆ ಪ್ರವೇಶಪತ್ರ, ಗುರುತಿನ ಚೀಟಿ. ಒಂದು ಪ್ಯಾಸೇಜ್ ಮುಗಿದ ಕೂಡಲೇ ಅದರ ವೃತ್ತಗಳನ್ನು ತುಂಬಿ, ಎಲ್ಲವನ್ನೂ ಕೊನೆಗೆ ಇಟ್ಟುಕೊಳ್ಳಬೇಡಿ. ದೂರದವರು ಶನಿವಾರವೇ ಹೋಗಿ ಉಳಿದುಕೊಳ್ಳಿ. ಪರೀಕ್ಷೆ ಆದ ಮೇಲೆ ತಾತ್ಕಾಲಿಕ ಕೀ ಉತ್ತರ ಬಂದಾಗ ಕೂತು ತಾಳೆ ನೋಡಿ. 2024ರ ಡಿಸೆಂಬರ್ ಪರೀಕ್ಷೆಯ ಕೆಲವು ಪ್ರಶ್ನೆಗಳ ವಿವಾದ ಸುಪ್ರೀಂ ಕೋರ್ಟ್ ತನಕ ಹೋಗಿ 2025ರ ಮೇ ತಿಂಗಳಲ್ಲಿ ತೀರ್ಮಾನವಾಯಿತು. ಒಂದೊಂದು ಅಂಕಕ್ಕೂ ಅಲ್ಲಿ ಅಷ್ಟು ಬೆಲೆ ಇದೆ.

ರ‍್ಯಾಂಕ್ ಬಂದರೆ ಕೌನ್ಸೆಲಿಂಗ್‌ಗೆ ಕರೆಯುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅದರ ನೋಂದಣಿಗೇ 30,000 ರೂಪಾಯಿ, ಮೀಸಲಾತಿಯವರಿಗೆ 20,000 ಕಟ್ಟಬೇಕಾಗಿತ್ತು. ಕೊಟ್ಟಿರುವ ಗಡುವು ಚಿಕ್ಕದು, ದುಡ್ಡು ಮೊದಲೇ ಹೊಂದಿಸಿಡಿ. ಸೀಟು ಸಿಕ್ಕಾಗ ಫ್ರೀಜ್ ಅಂದರೆ ಇದೇ ಸಾಕು, ಫ್ಲೋಟ್ ಅಂದರೆ ಇದು ಇರಲಿ, ಮೇಲಿನದು ಸಿಕ್ಕರೆ ಅಲ್ಲಿಗೆ ಹೋಗುತ್ತೇನೆ ಅಂತ. ಹೋಗಲು ಇಷ್ಟವೇ ಇಲ್ಲದ ಕಾಲೇಜನ್ನು ಸುಮ್ನೆ ಪಟ್ಟಿಯಲ್ಲಿ ಮೇಲೆ ಹಾಕಬೇಡಿ. ಈ ವಿಶ್ವವಿದ್ಯಾಲಯಗಳ ಫೀಸು ವರ್ಷಕ್ಕೆ ಲಕ್ಷಗಳಲ್ಲಿದೆ. ಕೈಬಿಡುವ ಮುಂಚೆ ಅಲ್ಲಿನ ವಿದ್ಯಾರ್ಥಿವೇತನ, ಬ್ಯಾಂಕಿನ ಶಿಕ್ಷಣ ಸಾಲ ಎರಡನ್ನೂ ವಿಚಾರಿಸಿ. ಬಡ ಮಕ್ಕಳಿಗೆ ಕ್ಲ್ಯಾಟ್ ತರಬೇತಿ ಕೊಡಲೆಂದು ಪ್ರೊ. ಶಮ್ನಾದ್ ಬಶೀರ್ 2010ರಲ್ಲಿ ಶುರು ಮಾಡಿದ ಐಡಿಯಾ ಅನ್ನುವ ಸಂಸ್ಥೆಯೂ ಇದೆ, ಫಸ್ಟ್ ಪಿಯುನಲ್ಲೇ ಸಂಪರ್ಕಿಸಿ.

ರ‍್ಯಾಂಕ್ ಬರಲಿಲ್ಲ ಅಂದರೆ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳು ರಾಜ್ಯದ ತುಂಬಾ ಇವೆ. ಅಲ್ಲಿ ಐದು ವರ್ಷದ ಕೋರ್ಸಿಗೆ ಪಿಯು ಅಂಕದ ಮೇಲೆ ಸೀಟು ಕೊಡುತ್ತಾರೆ. ಹಾಸನ, ಕೋಲಾರ, ರಾಮನಗರದಲ್ಲಿ ಸರ್ಕಾರಿ ಲಾ ಕಾಲೇಜುಗಳೇ ಇವೆ, ಫೀಸೂ ಕಡಿಮೆ. ಡಿಗ್ರಿ ಮುಗಿಸಿದ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದು, ನ್ಯಾಷನಲ್ ಲಾ ಸ್ಕೂಲ್‌ನಲ್ಲೇ ಅದಕ್ಕೆ ಎನ್‌ಎಲ್‌ಸ್ಯಾಟ್ ಅನ್ನುವ ಪ್ರತ್ಯೇಕ ಪರೀಕ್ಷೆ ಇದೆ. ಕ್ಲ್ಯಾಟ್‌ಗೆ ಅಂತ ಮಾಡಿಸಿದ ವ್ಯಾಸಂಗ ಪತ್ರ, ಜಾತಿ-ಆದಾಯ ಪತ್ರದ ಫೈಲನ್ನು ಹಾಗೇ ಜೋಪಾನವಾಗಿಡಿ, ಇಲ್ಲಿಯೂ ಅವನ್ನೇ ಕೇಳುತ್ತಾರೆ.