ಹರವಿ ಬೆವರಬೇಕು, ನೀರು ತಣಿಯಬೇಕು

ಕಲಬುರಗಿ, ರಾಯಚೂರು ಕಡೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಫ್ರಿಜ್ ಇರುವ ಮನೆಯಲ್ಲೂ ಅದರೊಳಗಿನ ನಾಲ್ಕು ಬಾಟಲಿ ನೀರು ಮನೆಮಂದಿಗೆಲ್ಲ ಸಾಲುವುದಿಲ್ಲ. ಕರೆಂಟು ಹೋದ ಮಧ್ಯಾಹ್ನಗಳಲ್ಲಂತೂ ಕೇಳುವುದೇ ಬೇಡ. ಹೀಗಾಗಿ ಮಣ್ಣಿನ ಹರವಿಯನ್ನೋ ಹೂಜಿಯನ್ನೋ ಇಟ್ಟುಕೊಳ್ಳುವುದು ಈಗಲೂ ಒಳ್ಳೆಯ ಏರ್ಪಾಡು. ಆದರೆ ಪೇಟೆಯಿಂದ ತಂದು ಅಡುಗೆಮನೆಯ ಮೂಲೆಯಲ್ಲಿ ಕೂರಿಸಿ, ಮೇಲೊಂದು ತಟ್ಟೆ ಮುಚ್ಚಿ, ನೀರು ತಣ್ಣಗಾಗಲಿಲ್ಲವೆಂದು ಕುಂಬಾರರನ್ನು ದೂರುವವರೇ ಹೆಚ್ಚು.

ಹರವಿಯ ಗೋಡೆಯಲ್ಲಿರುವ ಸಣ್ಣ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಹೊರಮೈಗೆ ಬಂದು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖದ ಬಹುಪಾಲನ್ನು ಅದು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕಾಗುವುದರಿಂದ, 10 ಲೀಟರ್ ಹಿಡಿಯುವ ಹರವಿಯಿಂದ 100 ಮಿಲಿಲೀಟರ್ ಹಾರಿಹೋದರೂ ಉಳಿದದ್ದು, ಲೆಕ್ಕದ ಮಟ್ಟಿಗೆ, ಐದಾರು ಡಿಗ್ರಿ ತಣಿಯಬೇಕು. ಸುತ್ತಲಿನ ಬಿಸಿ ಒಳಗೆ ಬರುತ್ತಲೇ ಇರುವ ಕಾರಣ ಅಷ್ಟು ಪೂರ್ತಿಯಾಗಿ ಆಗದು. ಏನೇ ಆದರೂ ಬೆಳಗಾಗುವಷ್ಟರಲ್ಲಿ ನೀರು ಎರಡು ಬೆರಳು ಇಳಿದಿದ್ದರೆ ಹರವಿ ಸೋರುತ್ತಿದೆಯೆಂದು ಗಾಬರಿಯಾಗಬೇಕಿಲ್ಲ. ಅದು ತನ್ನ ಕೆಲಸ ಮಾಡಿದೆ. ಮೈಯೆಲ್ಲ ತೇವವಾಗಿರಬೇಕು, ಆದರೆ ತೊಟ್ಟಿಕ್ಕಬಾರದು.

ಗಾಳಿ ಒಣಗಿದ್ದಷ್ಟೂ ಈ ಉಪಾಯ ಹೆಚ್ಚು ಫಲಿಸುತ್ತದೆ. ಗಾಳಿಯ ತೇವಾಂಶ ಶೇ. 20ರಷ್ಟಿರುವ ಕಲಬುರಗಿಯ 40 ಡಿಗ್ರಿಯ ಮಧ್ಯಾಹ್ನದಲ್ಲಿ ನೀರು 22–23 ಡಿಗ್ರಿಯವರೆಗೂ ಇಳಿಯುವ ಅವಕಾಶವಿದೆ, ತೇವಾಂಶ ಶೇ. 70ರಷ್ಟಿರುವ ಮಂಗಳೂರಿನ 33 ಡಿಗ್ರಿಯಲ್ಲಿ 28ರ ಕೆಳಗೆ ಇಳಿಸಲು ಯಾವ ಕುಂಬಾರನಿಂದಲೂ ಸಾಧ್ಯವಿಲ್ಲ. ಕರಾವಳಿಯ ಬಂಧುಗಳು ತಮ್ಮ ಮಡಕೆಯನ್ನು ಬೈಯುವ ಮೊದಲು ಇದನ್ನು ನೆನೆಯುವುದು ನ್ಯಾಯ.

ಕೊಳ್ಳುವಾಗ ಬಣ್ಣ ಬಳಿದ, ವಾರ್ನಿಷ್ ಹೊಡೆದು ಮಿರಿಮಿರಿ ಮಿಂಚುವ ಮಡಕೆಗಳ ಕಡೆ ನೋಡಲೇಬಾರದು. ಬೆವರುವ ರಂಧ್ರಗಳನ್ನೇ ಮುಚ್ಚಿದ ಮೇಲೆ ಅದಕ್ಕೂ ಸ್ಟೀಲ್ ಡಬ್ಬಕ್ಕೂ ಹೆಚ್ಚಿನ ವ್ಯತ್ಯಾಸ ಉಳಿಯುವುದಿಲ್ಲ. ಬೆರಳನ್ನು ನೀರಿನಲ್ಲಿ ಅದ್ದಿ ಹೊರಮೈಗೆ ಒತ್ತಿರಿ: ಕಲೆ ಕೂಡಲೇ ಕಪ್ಪಾಗಿ ಮಣ್ಣಿನೊಳಗೆ ಹೀರಿಹೋದರೆ ಒಳ್ಳೆಯ ಮಡಕೆ, ಹನಿ ಹನಿಯಾಗಿ ಜಾರಿದರೆ ಏನೋ ಬಳಿದಿದ್ದಾರೆ. ಬೆರಳ ಗಣ್ಣಿನಿಂದ ತಟ್ಟಿದಾಗ ಠಣ್ಣೆಂದರೆ ಚೆನ್ನಾಗಿ ಬೆಂದಿದೆ. ದಡ್ಡೆಂದರೆ ಎಲ್ಲೋ ಬಿರುಕಿದೆ. ನಲ್ಲಿ ಕೂರಿಸಿದ ಮಡಕೆ ಅನುಕೂಲವೇ ಸರಿ, ಆದರೆ ನಲ್ಲಿಯ ಬುಡದ ವಾಷರನ್ನು ಅಂಗಡಿಯಲ್ಲೇ ನೀರು ತುಂಬಿಸಿ ಪರೀಕ್ಷಿಸಿರಿ.

ಹೊಸ ಹರವಿಯನ್ನು ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಪೂರ್ತಿ ಮುಳುಗಿಸಿಟ್ಟು, ಆಮೇಲೆ ಎರಡು ಮೂರು ಬಾರಿ ನೀರು ತುಂಬಿ ಚೆಲ್ಲಿದರೆ ಹಸಿಮಣ್ಣಿನ ವಾಸನೆ ಹದಕ್ಕೆ ಬರುತ್ತದೆ. ಸೋಪು, ಪಾತ್ರೆ ತೊಳೆಯುವ ಪುಡಿ ಯಾವುದನ್ನೂ ಮುಟ್ಟಿಸಬಾರದು. ಮಣ್ಣು ಅದನ್ನು ಕುಡಿದುಕೊಂಡು ವಾರಗಟ್ಟಲೆ ನಿಮಗೇ ಮರಳಿ ಕುಡಿಸುತ್ತದೆ. ತೆಂಗಿನ ನಾರು ಮತ್ತು ಬಿಸಿನೀರು ಸಾಕು.

ಇಡುವ ಜಾಗದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ನೆರಳೂ ಬೇಕು, ಗಾಳಿಯೂ ಬೇಕು. ಉತ್ತರದ ಕಿಟಕಿಯ ಪಕ್ಕ ಅಥವಾ ಪಡಸಾಲೆಯ ಬಾಗಿಲ ಹತ್ತಿರ, ಗೋಡೆಯಿಂದ ಒಂದು ಗೇಣು ದೂರ ಇಟ್ಟರೆ ಸುತ್ತಲೂ ಗಾಳಿಯಾಡುತ್ತದೆ. ಏರ್ ಕೂಲರಿನಿಂದ ಬರುವ ಗಾಳಿ ಆಗಲೇ ತೇವ ತುಂಬಿಕೊಂಡಿರುವುದರಿಂದ ಅದರ ಮುಂದಿಡುವುದರಿಂದ ಹೆಚ್ಚು ಪ್ರಯೋಜನವಿಲ್ಲ; ಫ್ಯಾನಿನ ಗಾಳಿ ಒಳ್ಳೆಯದು. ಹರವಿಯ ಕೆಳಗೆ ಸಿಂಬೆಯ ಬದಲು ಅಗಲವಾದ ತಟ್ಟೆಯಲ್ಲಿ ನಾಲ್ಕು ಬೆರಳು ದಪ್ಪ ಮರಳು ಹರಡಿ ನೀರು ಚಿಮುಕಿಸಿದರೆ ತಳವೂ ತಣ್ಣಗಿರುತ್ತದೆ. ಆ ಮರಳಿನ ಮೇಲೆ ಒಂದು ಮುಷ್ಟಿ ರಾಗಿ ಚೆಲ್ಲಿದರೆ ಕೆಲವೇ ದಿನಗಳಲ್ಲಿ ಹಸಿರು ಪೈರು ಏಳುತ್ತದೆ. ನೀರಿಗೇನೂ ಲಾಭವಿಲ್ಲ, ಕಣ್ಣಿಗೆ ಹಿತ.

ಮಹಡಿಯ ಮೇಲಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡುವಂತಿರುತ್ತದೆ. ಆದ್ದರಿಂದ ಸೂರ್ಯ ಹುಟ್ಟುವ ಮೊದಲೇ ಹಿಡಿದು ತುಂಬಬೇಕು. ಸಾಧ್ಯವಿದ್ದರೆ ಎರಡು ಹರವಿಗಳನ್ನಿಟ್ಟು, ಒಂದರಿಂದ ಕುಡಿಯುತ್ತ ಇನ್ನೊಂದನ್ನು ರಾತ್ರಿಯಿಡೀ ತಣಿಯಲು ಬಿಡುವುದು ಉತ್ತಮ, ಏಕೆಂದರೆ ಅರ್ಧ ಖಾಲಿಯಾದ ಹರವಿಗೆ ನಡುಹಗಲಿನಲ್ಲಿ ಬಿಸಿನೀರು ಸುರಿದರೆ ಇದ್ದ ತಂಪೂ ಹಾಳು. ಲಾವಂಚದ ಬೇರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಒಳಗೆ ಬಿಟ್ಟರೆ ಪರಿಮಳ ಬರುತ್ತದೆ. ಅದು ನೀರನ್ನು ತಣಿಸುವುದಿಲ್ಲ, ಕುಡಿಯುವ ಮನಸ್ಸು ತರಿಸುತ್ತದೆ. ಮೂರು ದಿನಕ್ಕೊಮ್ಮೆ ಬೇರನ್ನು ತೆಗೆದು ಒಣಗಿಸದಿದ್ದರೆ ಅದೇ ಕೊಳೆಯುತ್ತದೆ.

ಮಣ್ಣಿನ ಪಾತ್ರೆಯೆಂದರೆ ನೀರು ತಾನೇ ಶುದ್ಧವಾಗುತ್ತದೆ ಎಂಬ ನಂಬಿಕೆ ಅಪಾಯದ್ದು. ಕುದಿಸಿ ಆರಿಸಿದ ಇಲ್ಲವೇ ಫಿಲ್ಟರ್ ಮಾಡಿದ ನೀರನ್ನೇ ತುಂಬಬೇಕು. ಕೈ ಅದ್ದದೆ ಉದ್ದ ಹಿಡಿಯ ಸೌಟಿನಿಂದ ತೆಗೆಯಬೇಕು, ಮುಚ್ಚಳ ಬಿಗಿಯಾಗಿರಬೇಕು. ಡೆಂಗಿ ಹರಡುವ ಸೊಳ್ಳೆ ನಿಂತ ಸ್ವಚ್ಛ ನೀರಿನ ಅಂಚಿನಲ್ಲಿ ಗೋಡೆಗೆ ಅಂಟಿಸಿ ಮೊಟ್ಟೆಯಿಡುವುದರಿಂದ, ವಾರಕ್ಕೊಮ್ಮೆ ನೀರು ಚೆಲ್ಲಿದರಷ್ಟೇ ಸಾಲದು, ಒಳಗೋಡೆಯನ್ನು ನಾರಿನಿಂದ ಗಸಗಸನೆ ಉಜ್ಜಿ ಬಿಸಿಲಿಗೆ ಒಣಗಿಸಬೇಕು.

ಮಣ್ಣಿನ ಪಾತ್ರೆ ಇಡಲಾಗದ ಬಾಡಿಗೆ ಕೋಣೆಯವರೂ ಹೊಲಕ್ಕೆ ಹೋಗುವವರೂ ಸ್ಟೀಲ್ ಬಾಟಲಿಗೆ ದಪ್ಪ ಹತ್ತಿಯ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ತೂಗುಹಾಕಿದರೆ ಅದೇ ಕೆಲಸ ನಡೆಯುತ್ತದೆ. 20 ಲೀಟರಿನ ಕ್ಯಾನಿಗೆ ನೆನೆಸಿದ ಗೋಣಿಚೀಲ ಹೊದಿಸಬಹುದು. ಬಟ್ಟೆ ಒಣಗಲು ಬಿಡಬಾರದು, ನೈಲಾನ್ ಬಟ್ಟೆ ನೀರು ಹೀರದು. ಒಳಗಿನ ಶಾಖವನ್ನು ಹೊರಗೆ ಬಿಡದ ಜೋಡಿಗೋಡೆಯ ಫ್ಲಾಸ್ಕಿಗೆ ಬಟ್ಟೆ ಸುತ್ತುವುದು ವ್ಯರ್ಥ ಶ್ರಮ.

ಕೊಳವೆಬಾವಿಯ ಗಡಸು ನೀರು ತುಂಬಿದರೆ ಹೊರಮೈಯಲ್ಲಿ ಬಿಳಿ ಉಪ್ಪು ಕೂತು ಬೆವರುವಿಕೆ ನಿಧಾನವಾಗುತ್ತದೆ. ಅದನ್ನು ನಿಂಬೆರಸ ಬೆರೆಸಿದ ನೀರಿನಲ್ಲಿ ನಾರು ಅದ್ದಿ ಉಜ್ಜಿ ತೆಗೆಯಬಹುದು. ಅಷ್ಟಾದರೂ ಮೈ ಒದ್ದೆಯಾಗದಿದ್ದರೆ ಆ ಹರವಿಯನ್ನು ಬೇಳೆಕಾಳು ತುಂಬಿಡಲು ಬಳಸಿ, ನೀರಿಗೆ ಹೊಸದನ್ನು ತರುವುದೇ ಸರಿ.